ಪಾದರಸವಿಲ್ಲದೆ ಸೀಸ ಅಳೆದ ನನ್ನ ಅನುಭವ

ಗ್ರಾಫೈಟ್, ಎಪಾಕ್ಸಿ ಅಂಟು, ಬಿಸ್ಮತ್ ಲೋಹದ ಪುಡಿ: ಈ ಮೂರನ್ನು ಕಲಸಿ ಮಾಡಿದ ಗಟ್ಟಿ ಕಡ್ಡಿಯನ್ನೇ ಎಲೆಕ್ಟ್ರೋಡ್ ಆಗಿಸಿ ನೀರಿನಲ್ಲಿರುವ ಒಂದೆರಡು ಪಿಪಿಬಿ (ನೂರು ಕೋಟಿಯಲ್ಲಿ ಒಂದು ಭಾಗ) ಸೀಸವನ್ನು ಅಳೆಯುತ್ತೇನೆ ಎಂದಾಗ ಜೊತೆಗಿದ್ದವರು ಯಾರೂ ನಂಬಲಿಲ್ಲ. ಸ್ಟ್ರಿಪ್ಪಿಂಗ್ (ಲೋಹವನ್ನು ವಿದ್ಯುತ್ತಿನಿಂದ ಎಲೆಕ್ಟ್ರೋಡ್ ಮೇಲೆ ಕೂರಿಸಿ, ಮತ್ತೆ ಕರಗಿಸುವಾಗ ಹರಿಯುವ ಪ್ರವಾಹದಿಂದ ಅಳೆಯುವ ವಿಧಾನ) ಎಂದರೆ ಪಾದರಸದ ಹನಿಯೇ, ಉಳಿದದ್ದೆಲ್ಲ ಪ್ರಬಂಧ ಬರೆಯಲು ಮಾತ್ರ ಎಂಬುದು ಅವರ ವಾದ. 2000ನೇ ಇಸವಿಯಲ್ಲೇ ರಸಾಯನವಿಜ್ಞಾನಿ ಜೋಸೆಫ್ ವಾಂಗ್ ಮತ್ತು ಸಂಗಡಿಗರು ಪಾದರಸದ ಬದಲು ಬಿಸ್ಮತ್ ಪದರದ ದಾರಿ ತೋರಿಸಿದ್ದರು. ಆದರೆ ಪ್ರತಿ ಮಾದರಿಗೂ ಹೊಸದಾಗಿ ಪದರ ಕೂರಿಸುವ ಗೊಡವೆ ನನಗೆ ಬೇಡವಾಗಿತ್ತು. ಉಜ್ಜಿದರೆ ಹೊಸ ಮೈ ಬರಬೇಕು, ಅಷ್ಟೇ.

ಮೊದಲು ಮಾಡಿದ್ದು ಎಣ್ಣೆಯಲ್ಲಿ ಕಲಸಿದ ಕಾರ್ಬನ್ ಪೇಸ್ಟ್. ಪೀಕ್ (ಲೋಹ ಕರಗುವಾಗ ಪ್ರವಾಹ ಏರಿ ಇಳಿಯುವ ಶಿಖರ) ಚೆನ್ನಾಗಿಯೇ ಬರುತ್ತಿತ್ತು, ಆದರೆ ಕಲಕುವ ವೇಗ ಸ್ವಲ್ಪ ಹೆಚ್ಚಾದರೂ ಮೈ ಕದಡಿಹೋಗುತ್ತಿತ್ತು. ಹಾಗಾಗಿ ಎಪಾಕ್ಸಿಗೆ ಬಂದೆ. ಇಲ್ಲಿ ಅನುಪಾತವೇ ಎಲ್ಲ. ಎಪಾಕ್ಸಿ ತುಸು ಹೆಚ್ಚಾದರೆ ಗ್ರಾಫೈಟ್ ಕಣಗಳ ನಡುವೆ ಸಂಪರ್ಕ ಕಡಿದು ರೋಧ ಏರುತ್ತದೆ, ಪೀಕ್ ಚಪ್ಪಟೆಯಾಗುತ್ತದೆ. ಗ್ರಾಫೈಟ್ ಹೆಚ್ಚಾದರೆ ಉಜ್ಜುವಾಗ ಅಂಚು ಉದುರುತ್ತದೆ, ರಂಧ್ರಗಳಿಗೆ ನೀರು ಇಳಿದು ಹಿನ್ನೆಲೆ ಪ್ರವಾಹ ಓರೆಯಾಗಿ ಮೇಲೇರುತ್ತದೆ. ನನಗೆ ಒಗ್ಗಿದ್ದು ತೂಕದಲ್ಲಿ ಸುಮಾರು 60 ಭಾಗ ಗ್ರಾಫೈಟ್, ಬಿಸ್ಮತ್ ಐದಾರು ಭಾಗ, ಉಳಿದದ್ದು ಎಪಾಕ್ಸಿ. ಯಾವುದನ್ನು ಯಾವಾಗ ಸೇರಿಸಬೇಕು, ಅಚ್ಚಿನಲ್ಲಿ ಎಷ್ಟು ಒತ್ತಬೇಕು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ವ್ಯತ್ಯಾಸವೆಲ್ಲ ಇರುವುದು ಅಲ್ಲಿಯೇ.

ಹೆಚ್ಚು ಕಾಡಿದ್ದು ಮಾತ್ರ ಕಡ್ಡಿಯಲ್ಲ, ಬ್ಲ್ಯಾಂಕ್, ಅಂದರೆ ಮಾದರಿ ಇಲ್ಲದ ಖಾಲಿ ದ್ರಾವಣದ ಅಳತೆ. ಏನೂ ಬೆರೆಸದ, ಪಿಎಚ್ ಕದಲದಂತೆ ಹಿಡಿಯುವ ಅಸಿಟೇಟ್ ಬಫರ್‌ನಲ್ಲೂ ಸೀಸದ ಪೀಕ್ ಎದ್ದು ನಿಲ್ಲುತ್ತಿತ್ತು. ಪಾತ್ರೆಗಳನ್ನೆಲ್ಲ ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಗಾಜು ಬಿಟ್ಟು ಪ್ಲಾಸ್ಟಿಕ್‌ಗೆ ಬಂದರೂ ಅದು ಕದಲಲಿಲ್ಲ. ಅಗ್ಗದ ಬಿಸ್ಮತ್ ಪುಡಿಯಲ್ಲೇ ಸೀಸವಿತ್ತು! ಪ್ರತಿ ಬಾರಿ ಉಜ್ಜಿದಾಗಲೂ ಹೊಸ ಸೀಸ ಹೊರಬರುತ್ತಿತ್ತು. ಇದು ಗೊತ್ತಾಗುವ ಹೊತ್ತಿಗೆ ಒಂದು ಬ್ಯಾಚ್ ಕಡ್ಡಿಗಳೆಲ್ಲ ಕಸದ ಬುಟ್ಟಿ ಸೇರಿದ್ದವು. ಕೊನೆಗೆ ಶೇಕಡಾ 99.999 ಶುದ್ಧತೆಯ ಬಿಸ್ಮತ್ ತರಿಸಿದೆ. ಇಡೀ ಕೆಲಸದಲ್ಲಿ ಕೈ ಕಚ್ಚಿದ ಖರ್ಚು ಇದೊಂದೇ. ಆದರೂ ಒಂದು ಚಿಕ್ಕ ಬಾಟಲಿ ವರ್ಷಗಟ್ಟಲೆ ಸಾಕು. ಲೆಕ್ಕ ಹಾಕಿದರೆ ನನ್ನ ಕಡ್ಡಿಗಿಂತ ವಿಭವಕ್ಕೆ ಹೋಲಿಕೆಯಾಗಿ ಪಕ್ಕದಲ್ಲಿ ನಿಲ್ಲುವ ರೆಫರೆನ್ಸ್ ಎಲೆಕ್ಟ್ರೋಡ್‌ಗೇ ಎಷ್ಟೋ ಪಟ್ಟು ಹೆಚ್ಚು ಹಣ ಬೇಕು. ಬಫರ್‌ನ ಉಪ್ಪಿನಲ್ಲಿದ್ದ ಅಲ್ಪಸ್ವಲ್ಪ ಸೀಸವನ್ನು ರಾತ್ರಿಯಿಡೀ ದೊಡ್ಡ ಗ್ರಾಫೈಟ್ ತುಂಡಿನ ಮೇಲೆ ಋಣ ವಿಭವದಲ್ಲಿ ಕೂರಿಸಿ ತೆಗೆದೆ. ಅದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು.

ಇನ್ನೊಂದು ಕಾಟ ಒಳಗಿನ ತಾಮ್ರದ ತಂತಿ. ಎಪಾಕ್ಸಿಗೂ ಹೊರಗಿನ ಕೊಳವೆಗೂ ನಡುವೆ ಕೂದಲಷ್ಟು ಬಿರುಕಿದ್ದರೂ ದ್ರಾವಣ ಏರಿ ತಂತಿಯನ್ನು ಮುಟ್ಟುತ್ತದೆ. ಆಮೇಲೆ ಕಾಣುವ ತಾಮ್ರ ಮಾದರಿಯದ್ದಲ್ಲ. ತಂತಿಯನ್ನು ಹಿಂದಕ್ಕೆ ಸರಿಸಿ, ನಡುವೆ ಬಿಸ್ಮತ್ ಇಲ್ಲದ ಗ್ರಾಫೈಟ್ ಪದರ ತುಂಬಿದ ಮೇಲೆ ಅದು ನಿಂತಿತು.

ಅಳತೆಯ ಕ್ರಮದಲ್ಲಿ ಹೊಸತೇನಿಲ್ಲ. ಪಿಎಚ್ 4.5, ಬೆಳ್ಳಿ-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎದುರು -1.2 ವೋಲ್ಟ್‌ನಲ್ಲಿ ಎರಡು ನಿಮಿಷ, ಆಮೇಲೆ ಸ್ಕ್ವೇರ್ ವೇವ್ (ಚೌಕ ಅಲೆಯಂತೆ ಆಡಿಸುತ್ತ ವಿಭವ ಏರಿಸುವ ಕ್ರಮ). -0.35 ವೋಲ್ಟ್ ದಾಟಿ ಹೋಗಬೇಡಿ, ಬಿಸ್ಮತ್ ಕರಗತೊಡಗುತ್ತದೆ. ಕ್ಯಾಡ್ಮಿಯಂ -0.75ರ ಆಸುಪಾಸು, ಸೀಸ -0.5ರ ಆಸುಪಾಸು. ಕರಗಿದ ಆಮ್ಲಜನಕ ಓಡಿಸಲು ಸಾರಜನಕ ಹಾಯಿಸುವುದನ್ನೂ ಬಿಟ್ಟೆ, ಗ್ಯಾಸ್ ಸಿಲಿಂಡರ್‌ನ ಖರ್ಚು ಉಳಿಯಿತು.

ನಡುವೆ ಬಿಸ್ಮತ್ ಬದಲು ಬೆಳ್ಳಿ ಪುಡಿ ಹಾಕಿ ನೋಡಿದ್ದುಂಟು. ಸೀಸದ ಮೊದಲ ಪರಮಾಣು ಪದರ ಬೆಳ್ಳಿಗೆ ಬಿಗಿಯಾಗಿ ಅಂಟುವುದರಿಂದ ಪೀಕ್ ಎರಡಾಗಿ ಒಡೆಯಿತು. ನೋಡಲು ಬಹಳ ಚೆಂದ, ಲೆಕ್ಕಕ್ಕೆ ಬಾರದು. ಆದರೂ ಆ ವಾರಗಳು ವ್ಯರ್ಥವೆಂದು ನಾನು ಒಪ್ಪುವುದಿಲ್ಲ.

ನಂಬದವರಲ್ಲಿ ಒಬ್ಬರು ತಾವೇ ಮಾದರಿಗಳನ್ನು ಎರಡು ಪಾಲು ಮಾಡಿ, ಒಂದನ್ನು ಲೋಹಗಳ ಪ್ರಮಾಣ ಅಳೆಯುವ ಉಪಕರಣವಾದ ಐಸಿಪಿ-ಎಂಎಸ್‌ಗೆ, ಇನ್ನೊಂದನ್ನು ಹೆಸರಿಲ್ಲದೆ ನನಗೆ ಕೊಟ್ಟರು. ಕುಡಿಯುವ ನೀರಿನಲ್ಲಿ ಸೀಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ ಲೀಟರಿಗೆ 10 ಮೈಕ್ರೋಗ್ರಾಂ. ಆ ಆಸುಪಾಸಿನ ಮಾದರಿಗಳಲ್ಲಿ ನನ್ನ ಅಂಕಿಗಳು ಅವರದಕ್ಕಿಂತ ಹೆಚ್ಚೆಂದರೆ ನೂರಕ್ಕೆ ಹತ್ತರಷ್ಟು ಆಚೀಚೆ. ಉಜ್ಜಿ ಉಜ್ಜಿ ಅಳೆದರೂ ಒಂದೇ ಕಡ್ಡಿಯ ಏರಿಳಿತ ಐದಾರು ಶೇಕಡಾ ದಾಟುವುದಿಲ್ಲ. ಈಗ ಅವರೇ ಕಡ್ಡಿ ಕೇಳಿ ಒಯ್ಯುತ್ತಾರೆ.

ಕೆರೆಯ ನೀರಿಗೆ ಮಾತ್ರ ನೇರವಾಗಿ ಇಳಿಸಬೇಡಿ. ಅದರಲ್ಲಿನ ಸಾವಯವ ವಸ್ತು ಮೈಗೆ ಅಂಟಿ ಪೀಕ್ ಕುಗ್ಗಿಸುತ್ತದೆ. ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅತಿನೇರಳೆ ದೀಪದಡಿ ಇಟ್ಟರೆ ಸರಿಹೋಗುತ್ತದೆ. ತಾಮ್ರ ಹೆಚ್ಚಿದ್ದು ಅಡ್ಡಿಪಡಿಸಿದರೆ ಅದನ್ನು ಕಟ್ಟಿಹಾಕುವ ಫೆರೋಸಯನೈಡ್ ನೆರವಿಗೆ ಬರುತ್ತದೆ, ಪ್ರಮಾಣವನ್ನು ನಿಮ್ಮ ನೀರಿನಲ್ಲೇ ಹೊಂದಿಸಿಕೊಳ್ಳಿ. ಆರ್ಸೆನಿಕ್‌ಗೆ ಈ ಕಡ್ಡಿ ಆಗದು, ಅದಕ್ಕೆ ಚಿನ್ನ ಬೇಕು. ಚಿನ್ನದ ಪುಡಿಯನ್ನು ಎಷ್ಟು ಕಡಿಮೆ ಬೆರೆಸಿ ಸಾಧಿಸಬಹುದೆಂದು ಈಗ ನೋಡುತ್ತಿದ್ದೇನೆ.