ಇಂಗ್ಲಿಷ್ ಕ್ಲಾಸು ಹೇಗಿದೆ ಅಂತ ನಾನು ಅಳೆದ ಬಗೆ

ಮಗಳು ಆರನೇ ಕ್ಲಾಸಿಗೆ ಬಂದಾಗ ಮನೆಯಲ್ಲಿ ಒಂದೇ ಜಗಳ. ಸರ್ಕಾರಿ ಶಾಲೆಯ ಇಂಗ್ಲಿಷ್ ನಂಬಿ ಕೂತರೆ ಕೆಟ್ಟೆವು, ಪೇಟೆಯ ಕಾನ್ವೆಂಟಿಗೆ ಹಾಕಿ ಅಂತ ನನ್ನಾಕೆ. ಫೀಸು, ವ್ಯಾನು ಸೇರಿ ವರ್ಷಕ್ಕೆ ನಲವತ್ತು ಸಾವಿರದ ಹತ್ತಿರ. ನಮ್ಮದು ತಿಪಟೂರು ಕಡೆ, ಆ ವರ್ಷ ಕೊಬ್ಬರಿ ರೇಟು ನೆಲ ಕಚ್ಚಿತ್ತು. ನಾನು ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಸದಸ್ಯ ಬೇರೆ. ಮೊದಲು ನೋಡೋಣ, ಆಮೇಲೆ ಮಾತು ಅಂದೆ.

ನೋಡೋದು ಹೇಗೆ? ಮೊದಲ ಆರು ತಿಂಗಳು ಬರೀ ತಪ್ಪು ಮಾಡಿದೆ. ನೋಟ್‌ಬುಕ್ ನೋಡಿದೆ, ದುಂಡಗಿನ ಅಕ್ಷರ, ಪುಟಕ್ಕೊಂದು ಕೆಂಪು ಸಹಿ. ಅಪ್ಪ ಅಮ್ಮಂದಿರನ್ನು ಶಾಲೆಗೆ ಕರೆಸುವ ‘ಸಮುದಾಯದತ್ತ ಶಾಲೆ’ ದಿನ ಮಾರ್ಕ್ಸ್ ನೋಡಿದೆ, ಅದೂ ಚೆನ್ನಾಗಿತ್ತು. ನೆಂಟರ ಮುಂದೆ ಇಂಗ್ಲಿಷ್‌ನಲ್ಲಿ ಮಾತಾಡೇ ಅಂದೆ. ಎರಡು ದಿನ ಅವಳು ನನ್ನ ಜೊತೆ ಕನ್ನಡದಲ್ಲೂ ಮಾತಾಡಲಿಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸುಮ್ನೆ ಮೂರೂವರೆ ಸಾವಿರ ಸುರಿದೆ. ಹೆಸರು, ಊರು ಹೇಳೋದು ಬಿಟ್ಟು ಬೇರೇನೂ ಬರಲಿಲ್ಲ.

ಒಂದು ರಾತ್ರಿ ಪಾಠ ಸರಾಗವಾಗಿ ಓದುತ್ತಿದ್ದಳು. ಸುಮ್ನೆ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು, ಇದೇನಮ್ಮ ಅಂದೆ. ಅವಳು ಸಾಲಿನ ಮೊದಲಿಗೆ ಹೋಗಿ, ಮಗ್ಗಿ ಒಪ್ಪಿಸುವ ಹಾಗೆ ಗುನುಗಿಕೊಂಡು ಬಂದು, ಬೆರಳಿನ ಹತ್ತಿರ ನಿಂತು ಆ ಪದ ಹೇಳಿದಳು. ಇಡೀ ಪಾಠ ಬಾಯಿಪಾಠ!

ಮಕ್ಕಳ ಓದು ಅಳೆಯುವ ಅಸರ್ ಸಮೀಕ್ಷೆಯವರು ಮನೆಗೇ ಬಂದು ಅಕ್ಷರ, ಪದ, ವಾಕ್ಯ ಅಂತ ಓದಿಸುತ್ತಾರಲ್ಲ, ಅದೇ ದಾರಿ ಹಿಡಿದೆ. ಮಕ್ಕಳು ಕಂಡಿರದ ಕಥೆಯ ಒಂದು ಪುಟ, ಸುಮಾರು ಅರವತ್ತು ಪದ. ಐದಕ್ಕಿಂತ ಜಾಸ್ತಿ ಕಡೆ ನಿಂತರೆ ಫೇಲು. ಓದಿದ ಮೇಲೆ ಕಥೆ ಏನು ಅಂತ ಕನ್ನಡದಲ್ಲಿ ಹೇಳಬೇಕು. ಭಾನುವಾರ ದೇವಸ್ಥಾನದ ಜಗಲಿ ಮೇಲೆ ಹನ್ನೆರಡು ಮಕ್ಕಳನ್ನು ಕೂರಿಸಿದೆ. ಇವನ್ಯಾವ ಇನ್ಸ್‌ಪೆಕ್ಟರು ಅಂತ ಎಸ್‌ಡಿಎಂಸಿಯವರೇ ನಕ್ಕರು. ಪಾಸಾದವರು ಇಬ್ಬರು.

ಪಕ್ಕದ ಮನೆಯ ಕಾನ್ವೆಂಟ್ ಹುಡುಗನಿಗೂ ಅದೇ ಪುಟ ಕೊಟ್ಟೆ. ರೈಲಿನ ಹಾಗೆ ಓದಿದ. ಕಥೆ ಏನಪ್ಪಾ ಅಂದರೆ ಬಾಯಿ ಬಿಡಲಿಲ್ಲ. ನನ್ನಾಕೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಕಾನ್ವೆಂಟಿನ ಮಾತು ಆವತ್ತಿಗೆ ಮುಗಿಯಿತು.

ತಾಲೂಕಿನ ಶಿಕ್ಷಣಾಧಿಕಾರಿ ಬಿಇಒಗೆ ದೂರು ಕೊಡು ಅಂದವರು ಬಹಳ. ನಾನು ಪಟ್ಟಿ ಹಿಡಿದು ಇಂಗ್ಲಿಷ್ ಮಿಸ್ ಹತ್ತಿರ ಹೋದೆ. ಆರು, ಏಳು, ಎಂಟಕ್ಕೆಲ್ಲ ಅವರೊಬ್ಬರೇ, ಜೊತೆಗೆ ಬಿಸಿಯೂಟದ ಲೆಕ್ಕ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಅರ್ಧ ನೋಟ್ಸ್ ಬರೆಸೋದಕ್ಕೇ ಹೋಗುತ್ತಿತ್ತು. ಯಾಕೆ ಮೇಡಂ ಅಂದೆ. ‘ನೋಟ್‌ಬುಕ್ ಖಾಲಿ ಇದ್ದರೆ ನಿಮ್ಮಂಥವರೇ ಬಂದು ಕೇಳ್ತೀರಲ್ಲ ಸರ್’ ಅಂದರು. ತಪ್ಪು ನಮ್ಮ ಬುಡದಲ್ಲೇ ಇತ್ತು.

ದಿನಾ ಹದಿನೈದು ನಿಮಿಷ ನೋಟ್ಸ್ ಬಿಟ್ಟು ಬರೀ ಓದು ಅಂತ ಒಪ್ಪಿಸಿದೆ.  ಪುಸ್ತಕಕ್ಕೆ ಎರಡೂವರೆ ಸಾವಿರ ಆಯಿತು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕಥೆಗಳು ಪುಕ್ಕಟೆ. ಪ್ರಿಂಟಿಗೆ ಆರುನೂರೋ ಏಳುನೂರೋ. ಬಣ್ಣದಲ್ಲಿ ತೆಗೆಸಬೇಡಿ, ಕಪ್ಪು ಬಿಳುಪು ಸಾಕು.

ನಡುವೆ ಕ್ರಿಕೆಟ್ ಕಾಮೆಂಟರಿ ಕೇಳಿಸಿ ನೋಡಿದೆ. ಹುಡುಗರು ಔಟ್, ಸಿಕ್ಸರ್ ಬಿಟ್ಟು ಬೇರೆ ಕಲಿಯಲಿಲ್ಲ. ಅಡುಗೆಮನೆ ಡಬ್ಬಿಗಳಿಗೆ ಇಂಗ್ಲಿಷ್ ಚೀಟಿ ಅಂಟಿಸಿದೆ. ಅತ್ತೆ ಒಂದೇ ದಿನದಲ್ಲಿ ಕಿತ್ತು ಹಾಕಿದರು. ಬಿತ್ತನೆ ಬೀಜ, ಔಷಧಿ ಪ್ಯಾಕೆಟ್ ಓದಿಸಿದ್ದು ಮಾತ್ರ ಕೈ ಹಿಡಿಯಿತು, ಅದೂ ಏಳನೇ ಕ್ಲಾಸಿನವರಿಗೆ.

ಮುಂದಿನ ಫೆಬ್ರವರಿಯಲ್ಲಿ ಅದೇ ಜಗಲಿ, ಅದೇ ಹನ್ನೆರಡು ಮಕ್ಕಳು, ಹೊಸ ಪುಟ. ಒಂಬತ್ತು ಮಂದಿ ಪಾಸು. ನಕ್ಕಿದ್ದ ಒಬ್ಬರು ತಮ್ಮ ಮೊಮ್ಮಗನನ್ನೂ ಕರೆತಂದಿದ್ದರು. ಉಳಿದ ಮೂವರು ಕನ್ನಡ ಓದುವಾಗಲೇ ತಡವರಿಸುತ್ತಾರೆ. ಅವರಿಗೆ ಇಂಗ್ಲಿಷ್ ಪುಟ ಪಕ್ಕಕ್ಕಿಟ್ಟು, ಕನ್ನಡ ಕಥೆಯಿಂದಲೇ ಶುರು ಮಾಡಿದ್ದೇನೆ.