ಆನೆಯ ಹೆಜ್ಜೆಗೆ ಸದ್ದು ಕಟ್ಟಿದ್ದು: ನನ್ನ ಅನುಭವ

ವನ್ಯಜೀವಿ ಚಿತ್ರಗಳಿಗೆ ಫೋಲಿ, ಅಂದರೆ ತೆರೆಯ ಮೇಲಿನ ಚಲನೆಗೆ ಸ್ಟುಡಿಯೋದಲ್ಲಿ ಸದ್ದು ಕಟ್ಟುವ ಕೆಲಸ, ಮಾಡುವವರಿಗೆ ಇದು ಗೊತ್ತಿರುವುದೇ. ಕ್ಯಾಮೆರಾ 200 ಮೀಟರ್ ಆಚೆಯಿಂದ ಆನೆಯ ರೆಪ್ಪೆಗೂದಲನ್ನೂ ಹಿಡಿಯುತ್ತದೆ, ಮೈಕಿಗೆ ಸಿಗುವುದು ಗಾಳಿ ಮತ್ತು ಜೀಪಿನ ಸದ್ದು. ತೆರೆಯ ಮೇಲೆ ಕೇಳುವ ಹೆಜ್ಜೆ, ಕಿವಿ ಬೀಸುವುದು, ಹುಲ್ಲು ಕೀಳುವುದು ಹೆಚ್ಚಾಗಿ ನಮ್ಮ ಕೈಯಲ್ಲೇ ಹುಟ್ಟುತ್ತವೆ.

ನನಗೆ ತಕರಾರಿದ್ದದ್ದು ಚಿತ್ರಗಳಲ್ಲಿ ಆನೆಯ ಹೆಜ್ಜೆಗೆ ಹಾಕುವ ಆ 'ಧಡ್ ಧಡ್' ಬಗ್ಗೆ. ಆನೆಯ ಪಾದದಡಿ ಕೊಬ್ಬಿನ ದಪ್ಪ ಮೆತ್ತೆ ಇದೆ. ಬೆನ್ನ ಹಿಂದೆ ಬಂದು ನಿಂತರೂ ಗೊತ್ತಾಗಲ್ಲ ಅಂತ ಕಾಡಂಚಿನವರು ಯಾರನ್ನು ಕೇಳಿದರೂ ಹೇಳುತ್ತಾರೆ. ಕಬಿನಿಯ ಚಿತ್ರವೊಂದು ಕೈಗೆ ಬಂದಾಗ, ಈ ಸಲ ಧಡ್ ಬೇಡ ಅಂದೆ. ಸಂಕಲನಕಾರರು ಒಪ್ಪಲಿಲ್ಲ. "ಸದ್ದಿಲ್ಲದೆ ನಡೆದರೆ ಗ್ರಾಫಿಕ್ಸ್ ಆನೆ ಅಂದ್ಕೋತಾರೆ ಸಾರ್" ಅಂದರು. ಮಾತು ಸುಳ್ಳಲ್ಲ. ವರ್ಷಗಟ್ಟಲೆ ಹುಸಿ ಸದ್ದು ಕೇಳಿಸಿ ಜನರ ಕಿವಿಯನ್ನು ಹಾಗೆ ಪಳಗಿಸಿದವರು ನಾವೇ.

ಮೊದಲು ಶಿವಮೊಗ್ಗದ ಬಳಿಯ ಸಕ್ರೆಬೈಲು ಆನೆ ಬಿಡಾರಕ್ಕೆ ಹೋದೆ. ಅಲ್ಲಿ ಆನೆ ಹೆಜ್ಜೆ ಇಟ್ಟಾಗೆಲ್ಲ ಸರಪಳಿ ಗಲಗಲ ಅನ್ನುತ್ತದೆ. ಬಾಡಿಗೆ ರೆಕಾರ್ಡರು, ಕಾರು, ವಸತಿ ಸೇರಿ ಹನ್ನೆರಡು ಹದಿಮೂರು ಸಾವಿರ ಹೋಯಿತು. ದಕ್ಕಿದ್ದು ಒಂದೇ, ಕಿತ್ತ ಹುಲ್ಲನ್ನು ಕಾಲಿಗೆ ಬಡಿದು ಮಣ್ಣು ಕೊಡವುವ ಸದ್ದು. ಅದು ಮಾತ್ರ ಚಿನ್ನ, ಚಿತ್ರದಲ್ಲಿ ಹಾಗೇ ಇದೆ.

ಆಮೇಲೆ ಸ್ಟುಡಿಯೋ, ಗಂಟೆಗೆ ಎಂಟುನೂರರ ಸುಮಾರು. ಗೋಣಿಚೀಲಕ್ಕೆ ಮರಳು ತುಂಬಿದೆ, ಒಳಗೆ ಮರಳು ಜಾರುವುದೂ ಕೇಳಿಸಿತು. ರಾಗಿಹಿಟ್ಟು ತುಂಬಿದೆ, ಗೋಣಿಯೇ ಕರಕರ ಅಂದಿತು. ಹಾಸಿಗೆಯ ಫೋಮ್‌ಗೆ ತೂಕವೇ ಇಲ್ಲ. ಕೊನೆಗೆ ಲಾರಿ ಟ್ಯೂಬಿನ ತುಂಡಿಗೆ ಹಸಿ ಜೇಡಿಮಣ್ಣು ಬಿಗಿದು, ಮೇಲೆ ಮೆತ್ತನೆಯ ಚರ್ಮ ಸುತ್ತಿದಾಗ ಭಾರವೂ ಬಂತು, ಮೌನವೂ ಬಂತು. ಒಣಗಿದ ತೇಗದೆಲೆ ಹಪ್ಪಳ ಮುರಿದಂತೆ ಕಿರುಚುತ್ತದೆ, ಅದನ್ನು ಬಿಟ್ಟು ಬಿದಿರೆಲೆ ಹಾಸಿದೆ. ಅದರ ಜೊತೆ ಏನು ಬೆರೆಸುತ್ತೇನೆ, ಎಷ್ಟು ನೀರು ಚಿಮುಕಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಇಷ್ಟಾದರೂ ಅದು ನಡಿಗೆಯಾಗಲಿಲ್ಲ. ಫೂಟೇಜನ್ನು ನಿಧಾನ ಮಾಡಿ ನೋಡಿದಾಗ ದಾರಿ ಸಿಕ್ಕಿತು. ಆನೆ ಹಿಂಗಾಲನ್ನು ಹೆಚ್ಚುಕಡಿಮೆ ಮುಂಗಾಲಿನ ಗುರುತಿನ ಮೇಲೇ ಇಡುತ್ತದೆ. ಅಲ್ಲಿಯ ಎಲೆ ಆಗಲೇ ಪುಡಿಯಾಗಿರುತ್ತದೆ, ಎರಡನೆಯ ಸದ್ದು ಸಣ್ಣದಾಗಬೇಕು. ಒಂದು ಹೊಸ ಎಲೆಯ ಮೇಲೆ, ಒಂದು ತುಳಿದ ಎಲೆಯ ಮೇಲೆ ಒತ್ತಿದೆ. ಆನೆ ನಡೆಯಿತು! ಇಷ್ಟು ನಿಖರವಾಗಿ ಇದನ್ನು ಕಟ್ಟಿದವರನ್ನು ನಾನಂತೂ ಕಂಡಿಲ್ಲ.

ನಡುವೆ ಆನೆಗಳು ಒಂದನ್ನೊಂದು ಕರೆಯುವ ತಗ್ಗಿನ ಗುರುಗುಟ್ಟುವಿಕೆಯ ಹುಚ್ಚೂ ಹಿಡಿಯಿತು. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಸಂಶೋಧಕಿ ಕೇಟಿ ಪೇನ್ ಗುರುತಿಸಿದ ಆ ಕರೆಗಳು ಏಷ್ಯಾದ ಆನೆಯಲ್ಲಿ 14ರಿಂದ 24 ಹರ್ಟ್ಸ್, ಮನುಷ್ಯರ ಕಿವಿಗೆ ಹೆಚ್ಚುಕಡಿಮೆ ಕೇಳಿಸದಷ್ಟು ತಗ್ಗು. 18ರ ಆಸುಪಾಸಿನ ಒಂದು ಸ್ವರವನ್ನು ಸಬ್‌ವೂಫರಿಗೆ ಕೊಟ್ಟೆ. ಗಾಜು ಅದುರಿತು, ಎದೆ ಭಾರವಾಯಿತು, ಫೋನಿನಲ್ಲಿ ಮಾತ್ರ ಏನೂ ಇಲ್ಲ. ಈಗಿನ ನೋಡುಗರು ಫೋನಿನವರು. ಅದನ್ನು ಕೈಬಿಟ್ಟೆ.

ಹೆಜ್ಜೆಯನ್ನು ಮಾತ್ರ ಬಿಡಾರಕ್ಕೇ ಒಯ್ದು, ಚಿತ್ರ ತೋರಿಸದೆ ಮಾವುತರಿಗೆ ಕೇಳಿಸಿದೆ. ಸಿದ್ಧ ಸದ್ದುಗಳ ಲೈಬ್ರರಿಯ ಧಡ್ ಕೇಳಿ ಹಿರಿಯರೊಬ್ಬರು "ದಿಮ್ಮಿ ಇಳಿಸ್ತಾ ಇದಾರೆ" ಅಂದರು. ನನ್ನದಕ್ಕೆ, "ಆನೆ. ಗಾಬರಿ ಇಲ್ಲ, ಮೇಯ್ತಾ ಹೋಗ್ತಿದೆ." ಆ ರೆಕಾರ್ಡಿಂಗನ್ನೇ ಸಂಕಲನಕಾರರ ಮುಂದಿಟ್ಟೆ. ಧಡ್ ಹೋಯಿತು. ಮೊದಲ ಪ್ರದರ್ಶನದಲ್ಲಿ ಒಬ್ಬರೂ ಗ್ರಾಫಿಕ್ಸ್ ಅನ್ನಲಿಲ್ಲ.

ಒಟ್ಟು ಖರ್ಚು ಮೂವತ್ತೈದು ಸಾವಿರದ ಹತ್ತಿರ, ಬಂದದ್ದು ಅದಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲೂ ಐದು ಸಾವಿರ ಬಿಟ್ಟುಕೊಟ್ಟೆ, 'ಹತ್ತಿರದ ಸದ್ದುಗಳನ್ನು ಸ್ಟುಡಿಯೋದಲ್ಲಿ ರೂಪಿಸಲಾಗಿದೆ' ಎಂಬ ಸಾಲನ್ನು ಕೊನೆಯಲ್ಲಿ ಹಾಕಿಸಲು. ನಿರ್ಮಾಪಕರು ಬೇಡವೆಂದಿದ್ದರು. ಸದ್ದು ಎಷ್ಟು ನಿಜದಂತಿದೆಯೋ ಆ ಸಾಲು ಅಷ್ಟು ಬೇಕು ಅಂತ ಹಟ ಹಿಡಿದೆ. ಈಗ ನನ್ನ ಒಪ್ಪಂದಗಳಲ್ಲಿ ಅದನ್ನು ಮೊದಲೇ ಬರೆಸಿಕೊಳ್ಳುತ್ತೇನೆ.

ಮುಂದಿನದು ಕಾಟಿ. ಗೊರಸು ಸೀಳಿದ್ದು, ಈ ಟ್ಯೂಬು ನಡೆಯುವುದಿಲ್ಲ. ಕೆಸರಿನಲ್ಲಿ ಗೊರಸು ಕೀಳುವ ಸದ್ದನ್ನು ಯಾರಾದರೂ ಒಳ್ಳೆಯದಾಗಿ ಮಾಡಿದ್ದರೆ ತಿಳಿಸಿ.