ತೊರವಿ ಸುರಂಗದ ಜಾಡು: ಬಿಸಿಲಿಗೆ ಎದುರಾಗಿ ನಡೆದಾಗ ಸಿಕ್ಕಿತು

ತೊರವಿಯಿಂದ ವಿಜಯಪುರಕ್ಕೆ ನೀರು ತರುತ್ತಿದ್ದ ಆದಿಲಶಾಹಿ ಸುರಂಗವನ್ನು ಒಳಗಿಳಿಯದೆ, ನೆಲದಿಂದ ಸುರಂಗಕ್ಕೆ ಬಾವಿಯಂತೆ ತೋಡಿದ ಹವಾಕಿಂಡಿಗಳನ್ನೇ ಹಿಡಿದು ಮೇಲೆಯೇ ನಡೆಯಬಹುದು ಎಂದಾಗ, ‘ಎರಿ ಹೊಲದಾಗ ಏನ್ ಕಾಣ್ತೈತಿ, ಎಲ್ಲಾ ಟ್ರ್ಯಾಕ್ಟರಿಗೆ ಹೋಗೇತಿ’ ಎಂದವರೇ ಹೆಚ್ಚು. ಮೂರನೇ ಸಲ ಜಾಡು ಸಿಕ್ಕಿತು. 14 ಮಂದಿ, ಹೆಚ್ಚೂಕಡಿಮೆ ನಾಲ್ಕು ತಾಸು, 11–12 ಕಿಂಡಿ.

ಮೊದಲ ಸಲ ನವೆಂಬರಿನಲ್ಲಿ ಹೋಗಿದ್ದೇ ತಪ್ಪು. ತೊಗರಿ ಎದೆಮಟ್ಟ, ಹಿಂದಿನ ದಿನದ ಮಳೆಗೆ ಒಂದೊಂದು ಬೂಟಿಗೂ ಕಿಲೋ ಮಣ್ಣು. ಕಂಡಿದ್ದು ಎರಡೇ ಕಿಂಡಿ, ಅದರಲ್ಲೊಂದು ಹಾಳು ಬಿದ್ದ ಹೊಲದ ಬಾವಿ. ಟಂಟಂ ಬಾಡಿಗೆ, ಚಹಾ ಸೇರಿ ₹1,800 ನೀರಿಗೆ ಹಾಕಿದಂತಾಯಿತು. ಎರಡನೇ ಸಲ ಜೋಳದ ರಾಶಿ ಮುಗಿದ ಮೇಲೆಯೇ ಹೋದೆವು. ಆದರೆ ಮುಂಜಾನೆ ಊರಿಂದ ತೊರವಿ ಕಡೆಗೆ, ಬಿಸಿಲು ಬೆನ್ನಿಗೆ. ಹೊಲವೆಲ್ಲ ಬಯಲು, ಏನೂ ಕಾಣಲಿಲ್ಲ.

ಕಿಂಡಿ ತೋಡಿದವರು ಕಲ್ಲು–ಮೊರಂ (ಗರಸು ಮಣ್ಣು) ಬಾಯಿಯ ಸುತ್ತಲೇ ಸುರುವಿರುತ್ತಾರೆ. ನೇಗಿಲು ಅದನ್ನು ಎಷ್ಟೇ ಸವೆಸಿದರೂ ಗೇಣುದ್ದದ ಉಬ್ಬು ಉಳಿದಿರುತ್ತದೆ. ಬಿಸಿಲು ಬೆನ್ನಿಗಿದ್ದರೆ ಉಬ್ಬಿನ ನೆರಳು ಅದರ ಹಿಂದೆ ಅಡಗುತ್ತದೆ. ಎದುರಿಗಿದ್ದರೆ ನೆರಳು ನಮ್ಮ ಕಡೆಗೇ ಬೀಳುತ್ತದೆ, ಕರಿ ಪಟ್ಟಿಯ ಹಾಗೆ. ಹಾಗಾಗಿ ಮೂರನೇ ಸಲ ತೊರವಿಯಿಂದ ಹೊರಟು ಪೂರ್ವಕ್ಕೆ, ಏಳರಿಂದ ಎಂಟೂವರೆ ಒಳಗೆ ಮುಖ್ಯ ಕೆಲಸ. ಆಮೇಲೆ ಬಿಸಿಲು ಮೇಲೇರಿ ನೆರಳು ಸಾಯುತ್ತದೆ. ಉಬ್ಬೂ ಉಳಿಯದ ಕಡೆ ಕರಿ ಮಣ್ಣಿನಲ್ಲಿ ಮೊರಂ ಬಣ್ಣದ ತೇಪೆ ಹುಡುಕಬೇಕು.

ಉಪಗ್ರಹ ಚಿತ್ರದ ಮೇಲೆ ಸ್ಕೇಲಿಟ್ಟು ಗೆರೆ ಎಳೆಯುವ ಉಮೇದು ಬೇಡ. ನೀರಿನ ಇಳಿಜಾರು ಕಾಯ್ದುಕೊಂಡು ಬಂದ ಸುರಂಗ ನೆಲದ ಏರಿಳಿತಕ್ಕೆ ಬಾಗುತ್ತದೆ. ಒಂದನೇ ಅಲಿ ಆದಿಲಶಾಹನ ಕಾಲದ್ದಿದು. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲಶಾಹ ಕಟ್ಟಲು ತೊಡಗಿದ ಹೊಸ ಪಟ್ಟಣ ನವರಸಪುರವೂ ತೊರವಿಯ ಬಗಲಲ್ಲೇ ಇದೆ. ಅಲ್ಲಿಯ ಪಾಳುಗೋಡೆಯ ಕಲ್ಲನ್ನು ಕಿಂಡಿಯ ಕಲ್ಲೆಂದು ನಂಬಿ ಅರ್ಧ ತಾಸು ಕಳೆದೆವು.

ಹೊಲದವರಿಗೆ ಹಿಂದಿನ ದಿನವೇ ಹೇಳಿಡಬೇಕು. ಒಬ್ಬರ ಹಿಂದೊಬ್ಬರು, ಮುಂದಿನವನ ಕೈಯಲ್ಲಿ ಆರಡಿ ಬಡಿಗೆ. ಕೆಲವು ಕಿಂಡಿಗೆ ಜಾಲಿ ಕಂಟಿ ಮುಚ್ಚಿರುತ್ತಾರೆ, ಅದನ್ನು ನೆಲವೆಂದು ತುಳಿದರೆ ಮುಗಿಯಿತು. ಅಂಚಿಗೆ ಹೋಗುವುದು ಒಬ್ಬನೇ, ಮಲಗಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿ, ಹಿಂದೆ ಇಬ್ಬರು ಹಿಡಿದಿರಬೇಕು. ಯಾರೂ ಇಳಿಯಬಾರದು. ದೀಪ ಇಳಿಸಿ ನೋಡಿದೆ, ಆರಲಿಲ್ಲ ಎನ್ನುವವರಿಗೆ: ದೀಪ ಆರಿಸದ ಕೆಟ್ಟ ಗಾಳಿಯೂ ಇರುತ್ತದೆ.

ಬದಲಿಗೆ ಮೊಬೈಲು ಇಳಿಸಿದೆವು. ಒಂದೇ ದಾರಕ್ಕೆ ಕಟ್ಟಿದಾಗ ಗಿರಗಿರ ತಿರುಗಿ ವಿಡಿಯೋದಲ್ಲಿ ಬರೀ ಗೋಡೆ. ಒಂದೂವರೆ ಅಡಿ ಬಿದಿರಿನ ಎರಡೂ ತುದಿಗೆ ಬೇರೆ ಬೇರೆ ದಾರ, ನಡುವೆ ಮೊಬೈಲು, ಪಕ್ಕಕ್ಕೆ ಬ್ಯಾಟರಿ (ಟಾರ್ಚ್) ಕಟ್ಟಿದ ಮೇಲೆ ಅಲುಗಾಡಲಿಲ್ಲ. ದಾರಕ್ಕೆ ಐದಡಿಗೊಂದು ಗಂಟು ಹಾಕಿದರೆ ಆಳದ ಅಂದಾಜೂ ಸಿಗುತ್ತದೆ. ಎಲ್ಲಾ ಸೇರಿ ₹250 ಆಗಿರಬೇಕು.

ಗುರುತೇ ಇಲ್ಲದ ಎರಡು ಕಡೆ ಜಾಡು ಹೇಗೆ ಜೋಡಿಸಿದೆವು ಎಂಬುದನ್ನು ಸದ್ಯ ಹೇಳುವುದಿಲ್ಲ. ಮಾರ್ಚಿನಲ್ಲೂ ಹಸಿರಾಗಿರುವ ಕಂಟಿ ಕಂಡರೆ ಮಾತ್ರ ಅಲ್ಲಿ ನಿಂತು ನೋಡಿ.